ಪತ್ತನಾಜೆಗೆ ಬಿತ್ತಿದ್ದು, ಚೌತಿಗೆ ಕೊಯ್ದದ್ದು: ನಮ್ಮ ಹಿತ್ತಿಲಿನ ಮಳೆಗಾಲದ ತರಕಾರಿ

ಪುತ್ತೂರು ಕಡೆ ಮಳೆಗಾಲದಲ್ಲಿ ಮನೆ ಹಿತ್ತಿಲಲ್ಲಿ ತರಕಾರಿ ಬೆಳೆಸ್ತೇವೆ ಅಂದ್ರೆ ಘಟ್ಟದ ಮೇಲಿನವರಿಗೆ ಬೇಗ ನಂಬಿಕೆ ಬರುದಿಲ್ಲ. ವರ್ಷಕ್ಕೆ 3500 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗೀತದೆ, ಅಂಥದ್ರಲ್ಲಿ ಬೆಂಡೆ ಹೀರೆ ಎಲ್ಲಿ ನಿಲ್ತದೆ ಅಂತ ಕೇಳ್ತಾರೆ. ನನ್ನ ತಂಗಿ ಬೆಂಗಳೂರಲ್ಲಿ ಟೆರೇಸ್ ಮೇಲೆ ಗ್ರೋ ಬ್ಯಾಗಲ್ಲಿ ಬೆಳೆಸ್ತಾಳೆ, ಅವಳಿಗೆ ದಿನಾ ನೀರು ಹಾಕುದೇ ಚಿಂತೆ, ನನಗೆ ಇಲ್ಲಿ ಬಿದ್ದ ನೀರನ್ನು ಬುಡದಿಂದ ಹೊರಗೆ ಹರಿಸುದು ಹೇಗೆ ಅಂತ ಚಿಂತೆ. ಆದ್ರೆ ನಮ್ಮ ಊರಲ್ಲಿ ಮೊದಲಿಂದಲೂ ತರಕಾರಿಗೆ ಎರಡು ಕಾಲ ಉಂಟು, ಒಂದು ಮಳೆಗಾಲದ್ದು ಹಿತ್ತಿಲಲ್ಲಿ ಅಂಗಳದ ಬದಿಯಲ್ಲಿ, ಇನ್ನೊಂದು ಮಳೆ ನಿಂತ ಮೇಲೆ ಗದ್ದೆಯಲ್ಲಿ. ಗದ್ದೆ ನಮಗೆ ಇಲ್ಲ. ಹಾಗಾಗಿ ನಾನು ಬರೀತಾ ಇರುದು ಮಳೆಗಾಲದ್ದು ಮಾತ್ರ.

ನಮ್ಮದು ಹತ್ತು ಸೆಂಟ್ಸ್ ಜಾಗ, ಮನೆ, ಬಾವಿ, ಎರಡು ತೆಂಗು, ಒಂದು ಹಲಸು ಬಿಟ್ರೆ ಬಿಸಿಲು ಬೀಳುವ ಜಾಗ ಸ್ವಲ್ಪವೇ. ಅದೂ ಮನೆ ಕಟ್ಟುವಾಗ ಗುಡ್ಡ ಜೆಸಿಬಿಯಲ್ಲಿ ಕಡಿದು ಮಟ್ಟ ಮಾಡಿದ್ದು, ಮೇಲಿನ ಕಪ್ಪು ಮಣ್ಣು ಎಲ್ಲ ಆಗಲೇ ತಳ್ಳಿ ಹೋಗಿತ್ತು, ಉಳಿದದ್ದು ಬರೀ ಕೆಂಪು ಮುರ ಮಣ್ಣು. ಬಿಸಿಲಿಗೆ ಕಲ್ಲಾಗ್ತದೆ, ಮಳೆಗೆ ಜಾರ್ತದೆ. ಹುಳಿ ಅಂಶ ಬೇರೆ ಜಾಸ್ತಿ, ನಮ್ಮ ಕರಾವಳಿಯ ಮಣ್ಣೇ ಹಾಗೆ, ಅಷ್ಟು ಮಳೆ ಬಿದ್ದು ಬಿದ್ದು ಸುಣ್ಣದ ಅಂಶ ಎಲ್ಲ ತೊಳೆದು ಹೋಗಿರ್ತದೆ. ಇದರಲ್ಲಿ ಎಂತ ಬೆಳೀತದೆ ಅಂತ ನಾನು ಕೇಳಿದ್ದಕ್ಕೆ ಅತ್ತೆ ಹೇಳಿದ್ದು ಒಂದೇ ಮಾತು, "ಮೊದ್ಲು ಸುಡುಮಣ್ಣು ಮಾಡುವ, ಬೀಜದ ಮಾತು ಮತ್ತೆ."

ಸುಡುಮಣ್ಣು ಮಾಡುದನ್ನು ಈಗಿನ ಮಕ್ಕಳು ನೋಡಿಯೂ ಇರ್ಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಬರೀತೇನೆ. ಮಾರ್ಚ್ ಏಪ್ರಿಲ್‌ನಲ್ಲಿ ಒಣಗಿದ ತರಗೆಲೆ, ಸಣ್ಣ ಪುಳ್ಳೆ, ಒಣ ಸೆಗಣಿ, ತೆಂಗಿನ ಗರಿಯ ತುಂಡು ಎಲ್ಲ ಒಂದು ಉದ್ದ ರಾಶಿ ಹಾಕಿ ಅದರ ಮೇಲೆ ಹುಲ್ಲಿನ ಬೇರು ಸಮೇತ ಕೆತ್ತಿದ ಮಣ್ಣಿನ ಹೆಂಟೆಗಳನ್ನು ಮುಚ್ಚುದು, ಮತ್ತೆ ಗಾಳಿ ಬರುವ ಬದಿಯಿಂದ ಬೆಂಕಿ ಕೊಡುದು. ಉರೀಬಾರ್ದು, ಒಳಗೊಳಗೇ ಹೊಗೆಯಾಡ್ತಾ ಬೇಯಬೇಕು. ಎಲ್ಲಿಯಾದ್ರೂ ಜ್ವಾಲೆ ಮೇಲೆ ಬಂದ್ರೆ ಅಲ್ಲಿಗೆ ಒಂದು ಬುಟ್ಟಿ ಮಣ್ಣು ಹಾಕುದು. ಒಂದೆರಡು ದಿನ ಹಾಗೇ ಹೊಗೆ ಬರ್ತಾ ಇರ್ತದೆ, ಆಮೇಲೆ ತಣಿದ ಮೇಲೆ ಕೊಚ್ಚಿ ನೋಡಿದ್ರೆ ಆ ಗಟ್ಟಿ ಕೆಂಪು ಮಣ್ಣು ಕಪ್ಪು ಮಿಶ್ರ ಆಗಿ ಬೆರಳಲ್ಲಿ ಹುಡಿ ಆಗ್ತದೆ. ಕಳೆ ಬೀಜ, ಹುಳದ ಮೊಟ್ಟೆ ಸತ್ತಿರ್ತದೆ, ಬೂದಿಯಿಂದ ಪೊಟ್ಯಾಶ್ ಬರ್ತದೆ, ಹುಳಿ ಅಂಶವೂ ಸ್ವಲ್ಪ ಇಳೀತದೆ. ಆದ್ರೆ ಸುಟ್ಟಾಗ ಸಾರಜನಕ ಹೋಗಿಬಿಡ್ತದೆ, ಅದಕ್ಕೆ ಸುಡುಮಣ್ಣು ಮಾತ್ರ ಸಾಕಾಗುದಿಲ್ಲ, ಹಟ್ಟಿಗೊಬ್ಬರ ಸೇರಿಸ್ಲೇಬೇಕು. ನಮ್ಮಲ್ಲಿ ದನ ಇಲ್ಲ, ಪಕ್ಕದ ಮನೆಯ ದೊಡ್ಡಮ್ಮನ ಹಟ್ಟಿಯಿಂದ ತರುದು, ಬದಲಿಗೆ ಅವರ ದನಕ್ಕೆ ನಮ್ಮ ಹಲಸಿನ ರಚ್ಚೆ, ಬಾಳೆ ಎಲೆ ಹೋಗ್ತದೆ. ಹೀಗೆ ವರ್ಷ ವರ್ಷ ಸುಡುಮಣ್ಣು, ಗೊಬ್ಬರ, ಅಡಿಗೆ ಮನೆಯ ಕಸ, ಅಡಿಕೆ ಸಿಪ್ಪೆ ಎಲ್ಲ ಸೇರಿ ಸೇರಿ ಈಗ ಅದೇ ಜಾಗದಲ್ಲಿ ಕೈ ಹಾಕಿದ್ರೆ ಮಣಿಕಟ್ಟಿನವರೆಗೆ ಇಳೀತದೆ, ಎರೆಹುಳ ಎಲ್ಲಿ ಕೆದಕಿದ್ರೂ ಸಿಗ್ತದೆ. ನಿಜ ಹೇಳ್ಬೇಕಂದ್ರೆ ತರಕಾರಿ ಕೊಯ್ದಾಗ ಆಗುವ ಖುಷಿಗಿಂತ ನನಗೆ ಈ ಮಣ್ಣು ನೋಡಿದಾಗ ಜಾಸ್ತಿ ಖುಷಿ ಆಗ್ತದೆ, ಯಾಕಂದ್ರೆ ಇದು ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಬಿತ್ತುದು ಪತ್ತನಾಜೆ ಲೆಕ್ಕದಲ್ಲಿ. ತುಳು ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು ಬರ್ತದೆ. ಕೋಲ, ನೇಮ, ಯಕ್ಷಗಾನ ಮೇಳದ ತಿರುಗಾಟ ಎಲ್ಲ ಅವತ್ತಿಗೆ ಮುಗಿದು ಜನ ಬೇಸಾಯದ ಕಡೆ ತಿರುಗುವ ದಿನ ಅದು. ಇದು ಬರೀ ಸಂಪ್ರದಾಯ ಅಂತ ನಾನು ಸುರುವಿಗೆ ತಿಳ್ಕೊಂಡಿದ್ದೆ, ಮಾಡ್ತಾ ಮಾಡ್ತಾ ಲೆಕ್ಕ ಅರ್ಥ ಆಯ್ತು. ಮೇ ಕೊನೆಯ ಬಿಡುವಿನ ಮಳೆಗೆ ಬೀಜ ಮೊಳೆತು, ಜೂನ್ ಎರಡನೇ ವಾರದ ಜಡಿಮಳೆ ಹಿಡಿಯುವ ಮೊದಲು ಗಿಡ ನಾಲ್ಕೈದು ಎಲೆ ಬಿಟ್ಟು ಬೇರು ಊರಿರ್ಬೇಕು. ಒಂದು ವಾರ ತಡ ಆದ್ರೆ ಮಳೆಯ ಹನಿ ಬಿದ್ದ ರಭಸಕ್ಕೇ ಮೊಳಕೆ ಮಣ್ಣಿಗೆ ಅಂಟಿ ಕೊಳೀತದೆ. ಬೇಗ ಬಿತ್ತಿದ್ರೆ ಬಾವಿ ನೀರು ಎಳೆದು ಹಾಕಬೇಕು, ಮೇ ತಿಂಗಳಲ್ಲಿ ನಮ್ಮ ಬಾವಿಯಲ್ಲಿ ಅಷ್ಟು ನೀರೂ ಇರುದಿಲ್ಲ.

ಏರಿ ಎತ್ತರ ಮಾಡುದು ಮುಖ್ಯ, ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಬರುವಷ್ಟು, ಮತ್ತೆ ಎರಡು ಏರಿಯ ಮಧ್ಯೆ ಕಣಿ, ಕಣಿಯ ನೀರು ನೇರ ತೆಂಗಿನ ಬುಡಕ್ಕೆ ಹೋಗುವ ಹಾಗೆ. ಏರಿಯ ಬದಿಗೆ ಅಡಿಕೆ ಸೋಗೆ ಒರಗಿಸಿ ಇಟ್ರೆ ಮಣ್ಣು ಕೊಚ್ಚಿ ಹೋಗುದಿಲ್ಲ.

ಬೆಂಡೆ ನಮ್ಮ ಊರಿನದ್ದೇ ಹಾಕುದು, ಬಿಳಿ ಹಸಿರು ಬಣ್ಣ, ಎಂಟು ಏಣು, ಗೇಣುದ್ದ ಆದ್ರೂ ಎಳೆಯದೇ ಇರ್ತದೆ. ಅಂಗಡಿಯ ಐದು ಏಣಿನ ಕಡು ಹಸಿರು ಬೆಂಡೆ ಬೆರಳುದ್ದ ದಾಟಿದ್ರೆ ನಾರು. ಬಿತ್ತಿ ಐವತ್ತು ದಿನದ ಹೊತ್ತಿಗೆ ಮೊದಲ ಕಾಯಿ ಬರ್ತದೆ ಅಂದ್ರೆ ಆಟಿ ಅನ್ನುವ ತುಳು ತಿಂಗಳು ಸುರು ಆಗುವ ಸಮಯ, ಹೊರಗೆ ಒಂದೇ ಸಮನೆ ಮಳೆ, ಪೇಟೆಗೆ ಘಟ್ಟದ ಲಾರಿ ಬಂದ್ರೂ ತರಕಾರಿ ಅರ್ಧ ಕೊಳೆತದ್ದು, ಆಗ ಹಿತ್ತಿಲಿಗೆ ಕೊಡೆ ಹಿಡ್ಕೊಂಡು ಹೋಗಿ ಹತ್ತು ಬೆಂಡೆ ಕೊಯ್ದು ತಂದು ಮಜ್ಜಿಗೆ ಹುಳಿ ಮಾಡುದು ಉಂಟಲ್ಲ, ಅದರ ರುಚಿ ತಿಂದವರಿಗೇ ಗೊತ್ತು. ದಿನ ಬಿಟ್ಟು ದಿನ ಕೊಯ್ಲೇಬೇಕು, ಒಂದು ಬಲಿತ ಕಾಯಿ ಗಿಡದಲ್ಲಿ ಉಳಿದ್ರೆ ಗಿಡ ಬೀಜಕ್ಕೆ ಶಕ್ತಿ ಕೊಟ್ಟು ಹೊಸ ಹೂ ಕಡಿಮೆ ಮಾಡ್ತದೆ.

ಹೀರೆಕಾಯಿಯ ವಿಷಯ ಬೇರೆ. ಅದಕ್ಕೆ ಅಡಿಕೆ ಮರ ಸೀಳಿದ ಸಲಾಕೆಯಲ್ಲಿ ಚಪ್ಪರ ಮಾಡಿ ಮೇಲೆ ಮಲ್ಪೆ ಕಡೆಯಿಂದ ತಂದ ಹಳೆ ಮೀನಿನ ಬಲೆ ಹಾಸಿದ್ದು, ಬಲೆ ಗಟ್ಟಿ, ಕೊಳೆಯುದಿಲ್ಲ, ಬಳ್ಳಿ ತಾನಾಗಿಯೇ ಹಿಡ್ಕೊಳ್ತದೆ. ಮೊದಲ ವರ್ಷ ಬಳ್ಳಿ ಚಪ್ಪರ ತುಂಬ ಹಬ್ಬಿ ಹಳದಿ ಹೂ ರಾಶಿ ಬಿಟ್ಟಿತು, ಕಾಯಿ ಮಾತ್ರ ಬೆರಳಷ್ಟು ಆಗಿ ಹಳದಿಯಾಗಿ ಉದುರ್ತಾ ಇತ್ತು. ಗೊಬ್ಬರ ಕಡಿಮೆ ಅಂತ ಕೆಲವರು, ದೃಷ್ಟಿ ಅಂತ ಕೆಲವರು. ದೊಡ್ಡಮ್ಮ ಬಂದು ನೋಡಿ "ಇದಕ್ಕೆ ಸಂಜೆ ಹುಳ ಬರ್ಬೇಕು ಮಗಾ, ಈ ಮಳೆಗೆ ಯಾವ ಹುಳ ಹೊರಡ್ತದೆ" ಅಂದ್ರು. ಅವತ್ತಿಂದ ನಾನು ಗಮನಿಸ್ಲಿಕ್ಕೆ ಸುರು ಮಾಡಿದ್ದು. ಹೀರೆ ಹೂ ಅರಳುದು ಸಂಜೆ ಐದರ ಮೇಲೆ, ಬೆಳಿಗ್ಗೆ ಹೊತ್ತಿಗೆ ಬಾಡ್ತದೆ. ಗಂಡು ಹೂ ಗೊಂಚಲಲ್ಲಿ ಬರ್ತದೆ, ಹೆಣ್ಣು ಹೂ ಒಂಟಿ, ಅದರ ಹಿಂದೆ ಕಡ್ಡಿಯಷ್ಟು ದಪ್ಪದ, ಏಣು ಸಮೇತ ಇರುವ ಸಣ್ಣ ಹೀರೆಕಾಯಿಯೇ ಇರ್ತದೆ. ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಆಗಷ್ಟೇ ಅರಳಿದ ಗಂಡು ಹೂ ಒಂದನ್ನು ಕಿತ್ತು ಎಸಳು ಎಲ್ಲ ಹಿಂದಕ್ಕೆ ಮಡಚಿ, ಮಧ್ಯದ ಹಳದಿ ಹುಡಿ ಬೆರಳಿಗೆ ಅಂಟ್ತದಾ ನೋಡಿ, ಅಂಟಿದ್ರೆ ಅದನ್ನು ಹೆಣ್ಣು ಹೂವಿನ ಮಧ್ಯದ ಹಸಿರು ಮುದ್ದೆಗೆ ಮೂರೂ ಬದಿಗೆ ಮೆಲ್ಲ ಒರಸುದು. ಹುಡಿ ಒದ್ದೆಯಾಗಿ ಮುದ್ದೆಗಟ್ಟಿದ್ರೆ ಪ್ರಯೋಜನ ಇಲ್ಲ, ಅದಕ್ಕೆ ಮಳೆ ಜೋರಿದ್ದ ದಿನ ಮಧ್ಯಾಹ್ನವೇ ನಾಳೆ ನಾಡಿದ್ದು ಅಲ್ಲ, ಇವತ್ತು ಸಂಜೆ ಬಿರಿಯುವ ಹಾಗೆ ಹಳದಿ ತುದಿ ಕಾಣುವ ಗಂಡು ಮೊಗ್ಗು ಎರಡು ಕೊಯ್ದು ಅಡಿಗೆ ಮನೆ ಕಿಟಕಿಯಲ್ಲಿ ನೀರಿನ ಲೋಟದಲ್ಲಿ ಇಡ್ತೇನೆ, ಒಳಗೇ ಅರಳ್ತದೆ, ಹುಡಿ ಒಣಗಿಯೇ ಇರ್ತದೆ. ಒರಸಿದ ಹೂವಿನ ಮೇಲೆ ಅಡಿಕೆ ಹಾಳೆಯ ತುಂಡು ಒಂದು ಕೊಡೆ ಹಾಗೆ ಕಟ್ಟುದು. ಎರಡು ದಿನ ಕಳೆದ್ರೆ ಕಾಯಿ ಕೆಳಗೆ ಬಾಗ್ತದೆ, ಏಣು ಉಬ್ಬುದು ಕಣ್ಣಿಗೇ ಕಾಣ್ತದೆ. ಮೊದಲ ಸಲ ಹಾಗೆ ನಿಂತ ಕಾಯಿಯನ್ನು ಮಗಳು ಬೆಳಿಗ್ಗೆ ಸಂಜೆ ಸ್ಕೇಲ್ ಇಟ್ಟು ಅಳೀತಾ ಇದ್ಳು.

ಎಲ್ಲ ಬಳ್ಳಿಗೂ ಸಮಯ ಒಂದೇ ಅಲ್ಲ. ಪಡವಲದ ಹೂ ಕತ್ತಲಾಗುವಾಗ ಬಿರೀತದೆ, ಬಿಳಿ ನೂಲಿನ ಕುಚ್ಚಿನ ಹಾಗೆ. ಹಾಗಲ ಮುಂಜಾನೆ. ತುಪ್ಪದ ಹೀರೆ, ನೋಡ್ಲಿಕ್ಕೆ ಹೀರೆಯ ಅಕ್ಕ ತಂಗಿ ಆದ್ರೂ, ಅದು ಬಿರಿಯುದು ಬೆಳಿಗ್ಗೆ. ಮುಳ್ಳುಸೌತೆ ಬೆಳಿಗ್ಗೆ ಬಿರೀತದೆ, ಅದಕ್ಕೆ ಮಳೆ ಬಿಟ್ಟ ಹೊತ್ತಿಗೆ ಮಿಸ್ರಿ ಜೇನು, ಚುಚ್ಚದ ಸಣ್ಣ ಜೇನು, ಬಂದೇ ಬರ್ತದೆ, ನಾವು ಕೈ ಹಾಕ್ಬೇಕಾಗಿಲ್ಲ. ಈ ಸಮಯ ತಿಳಿದ ಮೇಲೆ ನನ್ನ ದಿನಚರಿಯೇ ಬದಲಾಯ್ತು, ಸಂಜೆ ಚಾ ಕುಡಿಯುದು ಈಗ ಚಪ್ಪರದ ಅಡಿಯಲ್ಲಿ.

ಉಪದ್ರ ಇಲ್ಲ ಅಂತಲ್ಲ. ಮುಖ್ಯ ಉಪದ್ರ ಆಫ್ರಿಕನ್ ಬಸವನಹುಳ, ಮುಷ್ಟಿ ಗಾತ್ರದ್ದು. ರಾತ್ರಿ ಒಂದೇ ಸಲಕ್ಕೆ ಹರಿವೆ ಸಸಿ ಸಾಲು ಪೂರ್ತಿ ಬೋಳು ಮಾಡ್ತದೆ. ಒದ್ದೆ ಗೋಣಿಯ ಕೆಳಗೆ ಪಪ್ಪಾಯ ಎಲೆ ಇಟ್ರೆ ಎಲ್ಲ ಅಲ್ಲಿ ಬಂದು ಸೇರ್ತವೆ, ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ಹೆಕ್ಕಿ ಉಪ್ಪು ನೀರಿನ ಬಕೆಟ್‌ಗೆ ಹಾಕುದು. ಬರಿಗೈಯಲ್ಲಿ ಮುಟ್ಬೇಡಿ, ಅದರಲ್ಲಿ ಮನುಷ್ಯರಿಗೆ ಮೆದುಳಿನ ಜ್ವರ ತರುವ ಸಣ್ಣ ಹುಳ ಇರುವ ಸಾಧ್ಯತೆ ಉಂಟು, ಗ್ಲೌಸ್ ಇಲ್ಲದಿದ್ರೆ ಪ್ಲಾಸ್ಟಿಕ್ ಚೀಲ ಆದ್ರೂ ಕೈಗೆ ಹಾಕ್ಕೊಳ್ಳಿ, ಸೊಪ್ಪು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ. ಹೀರೆ ಹಾಗಲಕ್ಕೆ ಹಣ್ಣು ನೊಣ ಚುಚ್ಚಿ ಮೊಟ್ಟೆ ಇಡ್ತದೆ, ಚುಚ್ಚಿದ ಕಡೆ ಅಂಟು ಹನಿ ಬಂದು ಕಾಯಿ ಸೊಟ್ಟ ಆಗ್ತದೆ. ಪೇಪರ್ ಕವರ್ ಈ ಮಳೆಗೆ ನಿಲ್ಲುದಿಲ್ಲ, ಹಳೆ ಸೊಳ್ಳೆಪರದೆ ಕತ್ತರಿಸಿ ಉದ್ದ ಚೀಲ ಹೊಲಿದಿಟ್ಟಿದ್ದೇನೆ, ಹೂ ಬಾಡಿದ ಕೂಡಲೇ ಕಾಯಿಗೆ ತೊಡಿಸಿದ್ರೆ ಮುಗೀತು. ಚುಚ್ಚಿದ ಕಾಯಿಯನ್ನು ಗೊಬ್ಬರ ಗುಂಡಿಗೆ ಹಾಕ್ಬಾರ್ದು, ಒಳಗಿನ ಹುಳ ಮಣ್ಣಿಗಿಳಿದು ಅಲ್ಲೇ ಕೋಶ ಕಟ್ಟಿ ಮತ್ತೆ ನೊಣ ಆಗಿ ಬರ್ತದೆ, ಬಚ್ಚಲ ಒಲೆಗೆ ಹಾಕಿ. ನವಿಲು, ಮಂಗ ಇವಕ್ಕೆ ನನ್ನಲ್ಲಿ ಮದ್ದಿಲ್ಲ, ಬಲೆ ಮುಚ್ಚುದು ಅಷ್ಟೇ.

ಟೊಮೆಟೊ ಬಗ್ಗೆ ಎಲ್ಲರೂ ಕೇಳ್ತಾರೆ. ನಮ್ಮ ಕಡೆ ಗಿಡ ಚಂದ ಬಂದು ಹೂ ಬಿಟ್ಟು ಒಂದು ದಿನ ಹಸಿರಾಗಿಯೇ ಸೊರಗಿ ನಿಲ್ತದೆ, ನೀರು ಹಾಕಿದ್ರೂ ಏಳುದಿಲ್ಲ. ಆಗ ಬುಡದ ಹತ್ತಿರ ಕಾಂಡ ಕತ್ತರಿಸಿ ಗಾಜಿನ ಲೋಟದ ಶುದ್ಧ ನೀರಲ್ಲಿ ತುದಿ ಮಾತ್ರ ಮುಳುಗುವ ಹಾಗೆ ಹಿಡಿಯಿರಿ, ಸ್ವಲ್ಪ ಹೊತ್ತಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗೆ ಇಳೀಲಿಕ್ಕೆ ಸುರು ಆದ್ರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ, ಔಷಧಿಗೆ ಹಣ ಹಾಕುದು ವ್ಯರ್ಥ. ಅದು ಮಣ್ಣಲ್ಲೇ ಇರುವಂಥದ್ದು, ಬದನೆ ಮೆಣಸಿಗೂ ಬರ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಈ ರೋಗ, ಎಲೆ ಮುದುಡು ವೈರಸ್, ಅಂಗಮಾರಿ ಮೂರನ್ನೂ ತಡೆಯುವ ಶಕ್ತಿ ಉಂಟು, ಮಳೆ ಬಿಟ್ಟ ಮೇಲೆ ಅದನ್ನು ಚಟ್ಟಿಯಲ್ಲಿ ಹಾಕ್ತೇನೆ. ಅದು ಹೈಬ್ರಿಡ್, ಬೀಜ ಇಟ್ಟು ಮುಂದಿನ ವರ್ಷ ಹಾಕಿದ್ರೆ ಅದೇ ಗುಣ ಬರುದಿಲ್ಲ, ಪ್ರತಿ ವರ್ಷ ತರ್ಬೇಕು. ನನಗೆ ಟೊಮೆಟೊ ಮೇಲೆ ಅಷ್ಟು ಪ್ರೀತಿ ಬರದೇ ಇರುದಕ್ಕೆ ಇದೇ ಕಾರಣ ಇರ್ಬೇಕು.

ಯಾಕಂದ್ರೆ ಇಷ್ಟು ವರ್ಷದಲ್ಲಿ ನಾನು ಮುಂದೆ ಹೋಗಿದ್ದೇನೆ ಅಂತ ಅನ್ನಿಸುದು ಎಷ್ಟು ಕೆಜಿ ಕೊಯ್ದೆ ಅನ್ನುದರಲ್ಲಿ ಅಲ್ಲ, ಬೀಜದಲ್ಲಿ. ಸುರುವಿಗೆ ಎಲ್ಲ ಪ್ಯಾಕೆಟ್ ಬೀಜ, ಕೆಲವು ಮೊಳೀತಿರಲಿಲ್ಲ, ಮೊಳೆತದ್ದು ನಮ್ಮ ಮಳೆಗೆ ತಾಳ್ತಿರಲಿಲ್ಲ. ದೊಡ್ಡಮ್ಮ ಒಂದು ಹಿಡಿ ಬೆಂಡೆ ಬೀಜ ಕೊಟ್ಟಲ್ಲಿಂದ ದಾರಿ ಬದಲಾಯ್ತು. ಈಗ ಬೆಂಡೆ, ಹೀರೆ, ಮುಳ್ಳುಸೌತೆ, ಕೆಂಪು ಹರಿವೆ, ಅಲಸಂಡೆ ಇಷ್ಟಕ್ಕೂ ನನ್ನದೇ ಬೀಜ ಉಂಟು. ನಮ್ಮ ಜಿಲ್ಲೆಯ ಪಕ್ಕದಲ್ಲೇ, ಉಡುಪಿ ಕಡೆ, ಮಟ್ಟು ಗುಳ್ಳ ಅನ್ನುವ ಬದನೆ ಉಂಟಲ್ಲ, ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅಂತ ಮಟ್ಟು ಊರಿನವರು ಇವತ್ತಿಗೂ ನಂಬಿ ಬೀಜ ಉಳಿಸ್ಕೊಂಡು ಬಂದ ಕಾರಣಕ್ಕೇ 2011ರಲ್ಲಿ ಅದಕ್ಕೆ ಜಿಐ, ಅಂದ್ರೆ ಆ ಊರಿನದ್ದೇ ಬೆಳೆ ಅನ್ನುವ ಭೌಗೋಳಿಕ ಮಾನ್ಯತೆ, ಸಿಕ್ಕಿದ್ದು. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಹಿತ್ತಿಲಿನ ಬೀಜಗಳನ್ನೇ ಕೂಡಿಸಿ ಹಂಚ್ತಾ ಬಂದಿದ್ದಾರೆ. ಇದೆಲ್ಲ ಹೆಚ್ಚಾಗಿ ಹೆಂಗಸರು ಅಡಿಗೆ ಮನೆ ಅಟ್ಟದಲ್ಲಿ ಮಾಡ್ಕೊಂಡು ಬಂದ ಕೆಲಸ, ಯಾರೂ ಲೆಕ್ಕಕ್ಕೆ ಹಿಡಿಯದ ಕೆಲಸ, ಅದು ನಮ್ಮ ತಲೆಮಾರಿಗೆ ನಿಲ್ಬಾರ್ದು ಅಂತ ನನಗೆ ತುಂಬ ಆಸೆ.

ಬೀಜಕ್ಕೆ ಗಿಡ ಆರಿಸುದು ಕೊನೆಯಲ್ಲಿ ಅಲ್ಲ, ಮೊದಲೇ. ಜುಲೈ ಜಡಿಮಳೆಗೆ ಎಲೆ ಹಳದಿ ಆಗದೆ ನಿಂತ ಬೆಂಡೆ ಗಿಡಕ್ಕೆ ಕೆಂಪು ದಾರ ಕಟ್ತೇನೆ, ಆ ಗಿಡದ ಎರಡು ಮೂರು ಕಾಯಿ ಮನೆಯವರು ಯಾರೂ ಮುಟ್ಬಾರ್ದು. ಬೆಂಡೆ ಹೂವಿಗೆ ಜೇನು ಬಂದು ಬೇರೆ ತಳಿಯ ಹುಡಿ ತಾಗುದು ಉಂಟು, ಪಕ್ಕದಲ್ಲಿ ಯಾರಾದ್ರೂ ಹೈಬ್ರಿಡ್ ಹಾಕಿದ್ರೆ ಹಿಂದಿನ ದಿನ ಸಂಜೆಯೇ ಮೊಗ್ಗಿನ ತುದಿಗೆ ನೂಲು ಸುತ್ತಿದ್ರೆ ಸಾಕು, ಒಳಗೆ ತನ್ನಷ್ಟಕ್ಕೆ ಕಾಯಿ ಕಟ್ತದೆ. ಕಾಯಿ ಗಿಡದಲ್ಲೇ ಒಣಗಿ ಏಣು ಬಿರಿಯುವವರೆಗೆ ಬಿಡುದು. ಹೀರೆಯನ್ನು ಬಳ್ಳಿಯಲ್ಲೇ ಕಂದು ಬಣ್ಣಕ್ಕೆ ಒಣಗಿಸಿ ಅಲ್ಲಾಡಿಸಿದ್ರೆ ಗಿಲಕಿ ಶಬ್ದ ಬರ್ತದೆ, ತುದಿಯಲ್ಲಿ ಒಂದು ಸಣ್ಣ ಮುಚ್ಚಳ ಉಂಟು, ಅದು ತಾನೇ ಕಳಚಿ ಬೀಳ್ತದೆ, ತಲೆಕೆಳಗೆ ಹಿಡಿದು ತಟ್ಟಿದ್ರೆ ಕಪ್ಪು ಬೀಜ ಎಲ್ಲ ಪಟಪಟ ಹೊರಗೆ. ಮುಳ್ಳುಸೌತೆ ಹಣ್ಣಾಗಿ ತುಕ್ಕು ಬಣ್ಣಕ್ಕೆ ಬಂದ ಮೇಲೆ ತಿರುಳು ಎರಡು ದಿನ ನೀರಲ್ಲಿ ಹುಳಿಯಲು ಬಿಟ್ಟು ತೊಳೆದು, ಮುಳುಗಿದ ಬೀಜ ಮಾತ್ರ ಇಟ್ಕೊಂಡು ಬೂದಿ ಸವರಿ ನೆರಳಲ್ಲಿ ಒಣಗಿಸುದು. ಅತ್ತೆಯ ಕಾಲದಲ್ಲಿ ಅಡಿಕೆ ಹಾಳೆಯಲ್ಲಿ ಕಟ್ಟಿ ಒಲೆಯ ಮೇಲಿನ ಅಟ್ಟಕ್ಕೆ ತೂಗಿಸ್ತಿದ್ರಂತೆ, ಹೊಗೆಗೆ ಹುಳ ಬರುದಿಲ್ಲ, ತೇವವೂ ಹಿಡಿಯುದಿಲ್ಲ. ನಮ್ಮಲ್ಲಿ ಈಗ ಗ್ಯಾಸ್, ಹಾಗಾಗಿ ಸ್ಟೀಲ್ ಡಬ್ಬದ ತಳದಲ್ಲಿ ಒಣ ಬೂದಿ, ಮೇಲೆ ಬಟ್ಟೆ ಗಂಟಲ್ಲಿ ಬೀಜ, ಬಿಗಿ ಮುಚ್ಚಳ. ಡಬ್ಬದ ಮೇಲೆ ಹೆಸರು, ವರ್ಷ, ಯಾರ ಮನೆಯ ಮೂಲ ಅಂತ ಬರೆದಿಡ್ತೇನೆ.

ಚೌತಿ ಹೊತ್ತಿಗೆ ಹಿತ್ತಿಲು ತುಂಬಿರ್ತದೆ. ಗಣಪತಿಗೆ ಇಡುವ ಮುಳ್ಳುಸೌತೆ, ಬೆಂಡೆ, ಹೀರೆ, ಹರಿವೆ ದಂಟು ಎಲ್ಲ ಮನೆಯದ್ದೇ, ಅದರ ಹಿಂದಿನ ವಾರ ಪೇಟೆಯಲ್ಲಿ ಊರ ಬೆಂಡೆಗೆ ಕೈ ಹಾಕ್ಲಿಕ್ಕೆ ಆಗುದಿಲ್ಲ ಅಷ್ಟು ರೇಟು. ಹರಿವೆ ದಂಟು, ಹಲಸಿನ ಬೀಜ ಹಾಕಿ ಮಾಡಿದ ಹುಳಿ, ಹೀರೆ ಸಿಪ್ಪೆಯ ಚಟ್ನಿ, ಮುಳ್ಳುಸೌತೆಯ ಸಾಸಮೆ ಅವತ್ತು ಎಲೆಯ ಮೇಲೆ ಬಂದಾಗ ಮಾವ, ಯಾವತ್ತೂ ಊಟದ ಬಗ್ಗೆ ಮಾತಾಡದವರು, "ಇನ್ನು ಸ್ವಲ್ಪ ಹರಿವೆ ಹಾಕು" ಅಂತ ಎರಡನೇ ಸಲ ಕೇಳಿದ್ರು, ನನಗೆ ಅಷ್ಟು ಸಾಕಾಯ್ತು.

ಈಗ ಮಳೆ ಬಿಡ್ತಾ ಬಂತು, ಬೆಂಡೆ ಕಿತ್ತ ಏರಿಗೆ ಅಲಸಂಡೆ ಹಾಕಿ ಆಯ್ತು, ಗುಳ್ಳದ ಮಡಿ ಎದ್ದಿದೆ, ಬಸಳೆಗೆ ಹೊಸ ಚಪ್ಪರ ಆಗ್ಬೇಕು. ಬೀಜ ಕೇಳಿದವರು ಸುಮಾರು ಜನ ಇದ್ದೀರಿ. ಹೀರೆ, ಬೆಂಡೆ ಒಣಗ್ತಾ ಉಂಟು, ಕೊಡುವ ಮೊದಲು ಪ್ರತಿ ಡಬ್ಬದಿಂದ ಹತ್ತು ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟು ನೋಡ್ತೇನೆ, ವಾರದೊಳಗೆ ಏಳಕ್ಕಿಂತ ಹೆಚ್ಚು ಮೊಳೆತ್ರೆ ಮಾತ್ರ ಹಂಚುದು, ಕಡಿಮೆ ಆದ್ರೆ ಆ ಡಬ್ಬ ನನಗೇ ಇರ್ಲಿ, ಒತ್ತೊತ್ತಾಗಿ ಬಿತ್ತಿ ಬಳಸ್ತೇನೆ. ತಗೊಂಡವರು ಮುಂದಿನ ಚೌತಿ ಕಳೆದ ಮೇಲೆ ನಿಮ್ಮ ಹಿತ್ತಿಲಲ್ಲಿ ಆದ ಬೀಜ ಒಂದು ಹಿಡಿ ವಾಪಸ್ ಕೊಡ್ಬೇಕು. ಹಿತ್ತಿಲು ಇಲ್ಲದವರು ಹರಿವೆ ತಗೊಳ್ಳಿ, ಅದಕ್ಕೆ ಒಂದು ಅಗಲದ ಟಬ್ ಸಾಕಾಗ್ತದೆ.